ಪಾಂಡೇಸರಾದ ಬೀಗ ಹಾಕಿದ ಫೋಲ್ಡರು

ಮೂರು ಊರಿನ ಸರ್ವರುಗಳನ್ನು ಹೊಸದಕ್ಕೆ ಬದಲಾಯಿಸುವ ಕೆಲಸ ಒಪ್ಪಿಸಿದ ದಿನ ನಮ್ಮ ಡೈರೆಕ್ಟರು ನನಗೆ ಹೇಳಿದ್ದು ಒಂದೇ ಮಾತು: "ಬೆನ್, ಕೆಲಸ ಮುಗಿದ ಮೇಲೆ ಜನ ಬಂದು ಕೂತರೆ ಏನೂ ಬದಲಾಗಿಲ್ಲ ಅನ್ನಿಸಬೇಕು." ಬೆನ್ ಅಂದರೆ ಗುಜರಾತಿಯಲ್ಲಿ ಅಕ್ಕ, ತಂಗಿ; ಅಲ್ಲಿ ಹೆಂಗಸರನ್ನೆಲ್ಲ ಕರೆಯುವುದೇ ಹಾಗೆ. ನಾನು ಅದನ್ನೇ ಮಾಡಿದೆ. ಅದನ್ನೇ ಮಾಡಿದ್ದಕ್ಕೆ ಆಮೇಲೆ ಅವರು ನನ್ನ ಮೇಲೆ ಹರಿಹಾಯ್ದರು. ನನಗೆ ಅವರಿಗಿಂತ ಹೆಚ್ಚು ಸಿಟ್ಟು ಬಂದಿತ್ತು, ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕಂಪನಿಯ ಮುಖ್ಯ ಕಚೇರಿ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ. ಬಣ್ಣದ ಪುಡಿ ಮಾಡುವ ಕಾರ್ಖಾನೆ ಅದೇ ಊರಿನ ವಟ್ವಾದಲ್ಲಿ, ಮಾರಾಟದ ಕಚೇರಿ ವಡೋದರಾದಲ್ಲಿ, ಸೀರೆ ಬಟ್ಟೆಗೆ ಬಣ್ಣ ಹಾಕುವ ಮಿಲ್ಲು ಸೂರತ್ತಿನ ಪಾಂಡೇಸರಾದಲ್ಲಿ. ಎಲ್ಲ ಕಡೆಯೂ ವಿಂಡೋಸ್ ಎನ್‌ಟಿ 4 ಹಾಕಿದ ಮುದಿ ಸರ್ವರುಗಳು. ಅವನ್ನು ತೆಗೆದು 2003ರ ಆವೃತ್ತಿ ಹಾಕಬೇಕಿತ್ತು. ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ಅಂತ ಒಂದು ಬೋರ್ಡಿತ್ತು, ಆ ಬೋರ್ಡಿನ ಕೆಳಗೆ ಕೂರುತ್ತಿದ್ದವಳು ನಾನೊಬ್ಬಳೇ. ಗಂಡನನ್ನು ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದಾಗ ಚಿತ್ರದುರ್ಗದಿಂದ ಬಂದವಳು, ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕೆಲಸ ಹಿಡಿದಿದ್ದೆ.

ಮೊದಲು ವಡೋದರಾ. ಸಣ್ಣ ಕಚೇರಿ, ಎಡವಿದರೂ ದೊಡ್ಡ ಪೆಟ್ಟಾಗುವುದಿಲ್ಲ ಅಂದುಕೊಂಡಿದ್ದೆ. ಎರಡು ಸಲ ಎಡವಿದೆ. ಮೊದಲನೆಯದು ಅಲ್ಲಿನ ವಿಂಡೋಸ್ 98 ಯಂತ್ರಗಳಿಂದ. ಹೊಸ ಸರ್ವರು ತನ್ನ ಜೊತೆ ಮಾತಾಡುವ ಯಂತ್ರ ಪ್ರತಿ ಮಾತಿಗೂ ಸಹಿ ಹಾಕಬೇಕು ಅನ್ನುತ್ತದೆ, ಈ ಹಳೆಯ ಯಂತ್ರಗಳಿಗೆ ಸಹಿಯೇ ಗೊತ್ತಿಲ್ಲ. ಪಾಸ್‌ವರ್ಡ್ ಸರಿಯಾಗಿ ಒತ್ತಿದರೂ ಒಳಗೆ ಬಿಡಲಿಲ್ಲ. ಒಂದೊಂದಕ್ಕೂ ಸಿಡಿಯಿಂದ ಸಣ್ಣ ಪ್ರೋಗ್ರಾಂ ಹಾಕುತ್ತಾ ಮೇಜಿನ ಕೆಳಗೆ ತೂರಿ ತೂರಿ ಎದ್ದಾಗ ನನ್ನ ಸೀರೆಯ ಬಣ್ಣವೇ ಬದಲಾಗಿತ್ತು.

ಎರಡನೆಯದು ನನ್ನದೇ ತಪ್ಪು. ಅವಸರದಲ್ಲಿ ಫೈಲುಗಳನ್ನು ಸಾಮಾನ್ಯ ರೀತಿಯಲ್ಲಿ ನಕಲು ಮಾಡಿಬಿಟ್ಟಿದ್ದೆ. ಹಾಗೆ ಮಾಡಿದರೆ ಫೈಲು ಬರುತ್ತದೆ, ಅದರ ಮೇಲಿನ ಬೀಗ ಬರುವುದಿಲ್ಲ. ಅಲ್ಲಿನ ಮ್ಯಾನೇಜರು ತಮ್ಮ ಸಿಬ್ಬಂದಿಯ ಬಗ್ಗೆ ಮುಖ್ಯ ಕಚೇರಿಗೆ ಬರೆದಿದ್ದ ಗುಟ್ಟಿನ ಪತ್ರಗಳನ್ನು ಮಧ್ಯಾಹ್ನದ ಚಹಾ ಬರುವಷ್ಟರಲ್ಲಿ ಇಡೀ ಸಿಬ್ಬಂದಿ ಓದಿ ಮುಗಿಸಿತ್ತು. ಒಬ್ಬಾಕೆ ತನ್ನ ಬಗ್ಗೆ ಬರೆದದ್ದನ್ನು ಓದಿ ಅತ್ತದ್ದನ್ನು ನಾನು ಕಣ್ಣಾರೆ ನೋಡಿದೆ. ವಾಪಸು ಬರುವ ರೈಲಿನಲ್ಲಿ ನೋಟ್‌ಬುಕ್ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ: ಇನ್ನು ಮುಂದೆ ಪ್ರತಿ ಫೈಲೂ ತನ್ನ ಬೀಗ, ತನ್ನ ಒಡೆಯನ ಹೆಸರು ಎರಡನ್ನೂ ಹೊತ್ತುಕೊಂಡೇ ಬರಬೇಕು.

ಅದಕ್ಕೆ ದಾರಿ ಇತ್ತು, ಆದರೆ ಸುಲಭದ್ದಲ್ಲ. ಪ್ರತಿ ಬಳಕೆದಾರನಿಗೂ ಯಂತ್ರ ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ಬೀಗಗಳೆಲ್ಲ ಗುರುತು ಹಿಡಿಯುವುದು ಆ ಸಂಖ್ಯೆಯನ್ನೇ, ಹೆಸರನ್ನಲ್ಲ. ಹೊಸ ವ್ಯವಸ್ಥೆಯಲ್ಲಿ ಸಂಖ್ಯೆ ಹೊಸದಾಗುತ್ತದೆ, ಆದ್ದರಿಂದ ಹಳೆಯ ಸಂಖ್ಯೆಯನ್ನು ಹೊಸ ಖಾತೆಯೊಳಗೆ ಹೊಲಿದು ಕಳಿಸಬೇಕು. ಅದಕ್ಕಾಗಿ ಹಳೆಯ ಸರ್ವರಿನಲ್ಲಿ ಹೆಸರಿನ ಕೊನೆಗೆ ಮೂರು ಡಾಲರ್ ಗುರುತು ಇರುವ ಒಂದು ಖಾಲಿ ಗುಂಪು ಮಾಡಬೇಕು, ಅದಕ್ಕೆ ಯಾರನ್ನೂ ಸೇರಿಸಬಾರದು. ಯಾಕೆ ಅಂತ ಕೇಳಬೇಡಿ, ನಾನೂ ಕೇಳಿಕೊಂಡೆ. ಎರಡು ದಿನ "ಅನುಮತಿ ಇಲ್ಲ" ಅಂತಲೇ ಉತ್ತರ ಬರುತ್ತಿತ್ತು. ಹಳೆಯ ಸರ್ವರಿನಲ್ಲಿ ದಾಖಲೆ ಬರೆಯುವ ಒಂದು ಸೌಲಭ್ಯವನ್ನು ನಾನೇ ಹಿಂದೆ ನಿಲ್ಲಿಸಿಟ್ಟಿದ್ದೆ ಅನ್ನುವುದು ಮೂರನೆಯ ದಿನ ಹೊಳೆಯಿತು. ಬೋಡಕ್‌ದೇವ್ ಮತ್ತು ವಟ್ವಾ ಹೀಗೆ ದಾಟಿದವು. ಒಂದು ಹೆಸರೂ ಬದಲಾಗಲಿಲ್ಲ. ನನಗೆ ಜಂಬ ಬಂದಿತ್ತು, ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸೂರತ್ತಿಗೆ ಹೋಗುವ ಮುಂಚೆ ಅಲ್ಲಿನ ಸರ್ವರಿನ ಬೀಗಗಳ ಪಟ್ಟಿ ತೆಗೆದೆ. ಒಂದು ಫೋಲ್ಡರಿಗೆ ಅಡ್ಮಿನಿಸ್ಟ್ರೇಟರ್ ಆದ ನನಗೂ ಪ್ರವೇಶವಿರಲಿಲ್ಲ. ಒಡೆಯ: ಬಣ್ಣದ ಮಾಸ್ತರು. ಬಟ್ಟೆಗೆ ಯಾವ ಬಣ್ಣ, ಎಷ್ಟು ಪುಡಿ, ಎಷ್ಟು ಶಾಖ ಎಂದು ನಿರ್ಧರಿಸುವ ಹಿರಿಯರು ಅವರು. ರಬಕವಿಯವರು, ಚಿಕ್ಕಂದಿನಿಂದ ಬಣ್ಣದ ತೊಟ್ಟಿಯ ಪಕ್ಕದಲ್ಲೇ ಬೆಳೆದವರು. ಫೋಲ್ಡರಿಗೆ ಬೀಗ ಹಾಕುವುದನ್ನು ಅವರಿಗೆ ಕಲಿಸಿದ್ದೂ ನಾನೇ, ಹಿಂದೊಮ್ಮೆ ಅಲ್ಲಿ ತರಬೇತಿ ಕೊಡಲು ಹೋಗಿದ್ದಾಗ. ಅಷ್ಟು ಚೆನ್ನಾಗಿ ಕಲಿತಿದ್ದಾರೆಂದು ಗೊತ್ತಿರಲಿಲ್ಲ. ಪಟ್ಟಿಯನ್ನು ಎಂದಿನಂತೆ ಡೈರೆಕ್ಟರಿಗೆ ಕಳಿಸಿದೆ.

ಒಂದು ಗಂಟೆಯೊಳಗೆ ಕರೆ ಬಂತು. ಬಾಗಿಲು ಹಾಕಿ ಕೂರಲು ಹೇಳಿದರು.

"ಆ ಫೋಲ್ಡರಿನಲ್ಲಿ ಅವನ ಬಣ್ಣದ ಲೆಕ್ಕಗಳೆಲ್ಲ ಇವೆ ಬೆನ್. ತೆಗೆದು ನನಗೊಂದು ನಕಲು ಕೊಡಿ. ಆಮೇಲೆ ಇದ್ದ ಹಾಗೇ ಮುಚ್ಚಿಬಿಡಿ. ಅವನಿಗೆ ಗೊತ್ತಾಗಬಾರದು."

"ಅವರನ್ನೇ ಕೇಳಬಹುದಲ್ಲ ಸಾರ್?"

"ದೀಪಾವಳಿ ಆದ ಮೇಲೆ ಅವನನ್ನು ಕೆಲಸದಿಂದ ಕಳಿಸುತ್ತಿದ್ದೇನೆ. ಪ್ರತಿ ತಿಂಗಳ ವರದಿ ನೋಡಿ, ಬಣ್ಣ ಕೆಟ್ಟ ಬಟ್ಟೆಯ ಲಾಟುಗಳಲ್ಲಿ ಹತ್ತಕ್ಕೆ ಒಂಬತ್ತು ಲ್ಯಾಬಿನ ತಪ್ಪು. ಲ್ಯಾಬ್ ಅಂದರೆ ಅವನೇ. ಮುದುಕನಾದ. ಹೋಗುವವನನ್ನು ಹೋಗುವ ಮುಂಚೆ ಕೇಳುತ್ತಾರಾ ಯಾರಾದರೂ?"

ಅವರು ಅದನ್ನು ಹೇಳಿದ ರೀತಿಗೇ ನನ್ನ ಮೈ ಉರಿಯಿತು. ಹಳೆಯ ತಗಡು ತೆಗೆದು ಹೊಸದು ಹಾಕಿಸುವವರ ಮಾತು ಅದು. ಆದರೆ ನನ್ನ ಬಾಯಿಂದ ಬಂದದ್ದು ತಾಂತ್ರಿಕ ಉತ್ತರ. ಎನ್‌ಟಿಯಲ್ಲಿ ಅಡ್ಮಿನಿಸ್ಟ್ರೇಟರ್ ಬೇರೆಯವರ ಫೈಲಿನ ಒಡೆತನವನ್ನು ಕಿತ್ತುಕೊಳ್ಳಬಹುದು, ಆದರೆ ವಾಪಸು ಕೊಡಲು ಬರುವುದಿಲ್ಲ. ಒಡೆಯನ ಜಾಗದಲ್ಲಿ ನನ್ನ ಹೆಸರು ಉಳಿದುಬಿಡುತ್ತದೆ, ಅವರಿಗೆ ಗೊತ್ತಾಗುತ್ತದೆ ಅಂದೆ. ಬೇರೆ ಅಡ್ಡದಾರಿಗಳೂ ಇದ್ದವು. ನಾನು ಹೇಳಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಕರೆದರು. ಸರ್ವರು ಮಾರಿದವರನ್ನು ಕೇಳಿ ತಿಳಿದುಕೊಂಡಿದ್ದರು. ಹೊಸ ಆವೃತ್ತಿಯಲ್ಲಿ ಕಿತ್ತುಕೊಂಡ ಒಡೆತನವನ್ನು ಮತ್ತೆ ಹಳೆಯ ಒಡೆಯನ ಹೆಸರಿಗೇ ಕೊಡಬಹುದು. ಆ ಸೌಲಭ್ಯದ ಬಗ್ಗೆ ನಾನೇ ನನ್ನ ಪ್ರಸ್ತಾವದಲ್ಲಿ ಹೊಗಳಿ ಬರೆದಿದ್ದೆ. ಯಾರಾದರೂ ಕೆಲಸ ಬಿಟ್ಟು ಹೋದಾಗ ಅವರ ಫೈಲುಗಳನ್ನು ಮುಂದಿನವರಿಗೆ ದಾಟಿಸಲು ಅನುಕೂಲ ಅಂತ.

"ಹಾಗಾದರೆ ಸೂರತ್ತು ಬೇಗ ಮುಗಿಸಿ," ಎಂದರು. "ಕಂಪ್ಯೂಟರ್ ನನ್ನದು. ಒಳಗಿರುವುದೂ ನನ್ನದೇ. ಬರಾಬರ್?"

ಕಾನೂನಿನ ಪ್ರಕಾರ ಬರಾಬರ್ ಇರಬಹುದು. ನನಗೆ ಕಾನೂನು ಗೊತ್ತಿಲ್ಲ. ಕೇಳಿ ತೆಗೆದುಕೊಳ್ಳಬಹುದಾದದ್ದನ್ನು ಕದ್ದು ತೆಗೆಯಲು ನನ್ನ ಕೈಯನ್ನು ಬಳಸುತ್ತಿದ್ದಾರಲ್ಲ ಎಂಬುದೇ ನನ್ನನ್ನು ಕುದಿಸಿತು. ಅವತ್ತು ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಮರುವಾರ ಸಿದ್ಧತೆಗೆಂದು ಪಾಂಡೇಸರಾಕ್ಕೆ ಹೋದೆ. ಮೊದಲು ಹಳೆಯ ಸರ್ವರಿನ ಪೂರ್ತಿ ಬ್ಯಾಕಪ್ಪನ್ನು ಟೇಪಿಗೆ ಇಳಿಸಿದೆ. ಬ್ಯಾಕಪ್ಪಿಗೆ ಬೀಗ ಅಡ್ಡಿಯಾಗುವುದಿಲ್ಲ, ಆ ಫೋಲ್ಡರೂ ಟೇಪಿಗೆ ಬಂತು. ಮಧ್ಯಾಹ್ನ ಮೂರಕ್ಕೆ ಮಾಸ್ತರರನ್ನು ಹುಡುಕುತ್ತಾ ಕಲರ್ ಕಿಚನ್ನಿಗೆ ಹೋದೆ. ಬಣ್ಣದ ಪುಡಿ ತೂಗಿ ಕಲಸುವ ಕೋಣೆಗೆ ಮಿಲ್ಲಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅದು ವಾರದ ರಜೆಯ ಹಿಂದಿನ ದಿನ. ಹನ್ನೊಂದು ಜನ ತೂಗುವವರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಮಾಸ್ತರರು ನಿಂತುಕೊಂಡು ಒಂದು ಹಾಳೆ ನೋಡಿ ಹಿಂದಿಯಲ್ಲಿ ಓದುತ್ತಿದ್ದರು.

"ಗುಲಾಬಿ ಲಾಟು, ಮೂರನೇ ಜೆಟ್ ಯಂತ್ರ. ಆಸಿಡ್ ಬಿದ್ದಿಲ್ಲ. ಬಣ್ಣ ಕಲೆಕಲೆ."

ಹೆಸರು ಹೇಳಲಿಲ್ಲ. ಸಾಲಿನಿಂದ ಒಬ್ಬ ಎದ್ದು ನಿಂತ. "ವೋ ಮೇರಾ ಥಾ, ಮಾಸ್ಟರ್." ಅದು ನನ್ನದು ಅಂತ. ಮಾಸ್ತರರು ಎರಡೇ ಪ್ರಶ್ನೆ ಕೇಳಿದರು: ಯಾವ ಹೊತ್ತಿನಲ್ಲಿ, ಆಗ ಪಕ್ಕದಲ್ಲಿ ಏನು ನಡೆಯುತ್ತಿತ್ತು. ಉತ್ತರ ಕೇಳಿ "ಬೈಠೋ" ಎಂದರು. ಅವನು ಕೂತ. ಯಾರೂ ನಗಲಿಲ್ಲ. ಮುಂದಿನ ಲಾಟು, ಇನ್ನೊಬ್ಬ ಎದ್ದ. ಹೀಗೆ ನಾಲ್ಕು ಜನ. ಕಾಲು ಗಂಟೆಯಲ್ಲಿ ಸಭೆ ಮುಗಿದು ಎಲ್ಲರೂ ಚಹಾಕ್ಕೆ ಹೋದರು.

ಮಾಸ್ತರರು ನನ್ನನ್ನು ಕಂಡು ಮುಖ ಅರಳಿಸಿದರು. "ಬರ್ರಿ ಬಾಯಾರ, ಯಾವಾಗ ಬಂದ್ರಿ?" ನಾವು ಟೀಚರಮ್ಮ, ಮೇಡಂ ಅನ್ನುವ ಕಡೆ ಅವರ ಊರಿನವರು ಬಾಯಾರ ಅನ್ನುತ್ತಾರೆ. ಎಷ್ಟು ಸಲ ಬೇಡ ಅಂದರೂ ಅವರು ನನಗೆ ಅದನ್ನು ಬಿಟ್ಟು ಬೇರೆ ಕರೆದಿರಲಿಲ್ಲ.

ಲ್ಯಾಬಿನಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಡೈರೆಕ್ಟರು ಕೇಳಿದ್ದು, ದೀಪಾವಳಿಯ ನಂತರ ಕಳಿಸುವ ಯೋಚನೆ, ಹೊಸ ಸರ್ವರಿನ ಸೌಲಭ್ಯ, ಎಲ್ಲ. ಹೇಳುವ ಮುಂಚೆ ಹಿಂದು ಮುಂದು ನೋಡಿದ್ದು ನಿಜ, ಕೆಲಸ ಹೋದೀತೆಂಬ ಹೆದರಿಕೆ ಇತ್ತು. ಆದರೆ ಹೇಳದೆ ಅವರ ಎದುರು ಚಹಾ ಕುಡಿಯಲು ನನ್ನಿಂದಾಗಲಿಲ್ಲ.

ಮಾಸ್ತರರು ಕಪಾಟಿನ ಕಡೆ ಕೈ ತೋರಿಸಿದರು. "ಬಣ್ಣದ ಲೆಕ್ಕ ಅಲ್ಲೇ ಅದಾವಲ್ರಿ. ಶೇಡ್ ಬುಕ್ಕು. ಬಟ್ಟೀ ತುಂಡು ಅಂಟಿಸಿ ಪಕ್ಕದಾಗ ಬರದೀನಿ. ಯಾರು ಬೇಕಾದ್ರೂ ನೋಡಬಹುದು. ಸಾಹೇಬರು ಈ ಕೋಣಿಗೆ ಒಂದಿನಾನೂ ಬಂದಿಲ್ಲ, ಅವರಿಗೆ ಹೆಂಗ ಗೊತ್ತಾಗಬೇಕು?"

"ಮತ್ತೆ ಆ ಫೋಲ್ಡರಿನಲ್ಲಿ ಏನಿದೆ ಮಾಸ್ತರ್ರೇ?"

ತೆರೆದು ತೋರಿಸಿದರು. ನಾಲ್ಕು ವರ್ಷದ ಕೆಟ್ಟ ಲಾಟುಗಳ ಪಟ್ಟಿ. ಬಣ್ಣ, ಯಂತ್ರ, ಏನು ತಪ್ಪಾಯಿತು, ಯಾಕಾಯಿತು. ಕೊನೆಯ ಕಾಲಮ್ಮಿನಲ್ಲಿ ತಪ್ಪು ಮಾಡಿದವನ ಹೆಸರು. ಮುಖ್ಯ ಕಚೇರಿಗೆ ಹೋಗುತ್ತಿದ್ದ ವರದಿಯಲ್ಲಿ ಅದೇ ಲಾಟುಗಳ ಎದುರು ಬರೀ "ಲ್ಯಾಬ್" ಅಂತಿರುತ್ತಿತ್ತು. ಡೈರೆಕ್ಟರು ಎಣಿಸುತ್ತಿದ್ದ ಮುದುಕನ ತಪ್ಪುಗಳೆಲ್ಲ ಬೇರೆಯವರವು.

ನನಗೆ ಅವರ ಮೇಲೂ ಸಿಟ್ಟು ಬಂತು. "ಇದನ್ನು ಇವತ್ತೇ ಸಾಹೇಬರಿಗೆ ತೋರಿಸಿ. ಯಾರದೋ ತಪ್ಪಿಗೆ ನೀವು ಯಾಕೆ ಮನೆಗೆ ಹೋಗಬೇಕು?"

"ತೋರಿಸಿದ್ರ ಇವರು ಹೋಗ್ತಾರ," ಎಂದರು. "ನೋಡ್ರಿ, ನಾ ಏನ್ ಪುಣ್ಯಾತ್ಮ ಅಲ್ಲ. ತಪ್ಪು ಹೇಳಿದಾವನ್ನ ಮನಿಗೆ ಕಳಸ್ತಾರ ಅಂದ್ರ ಯಾವನೂ ಬಾಯಿ ಬಿಡೂದಿಲ್ಲ. ಅವ ಹೇಳಲಿಲ್ಲ ಅಂದ್ರ ಕೆಟ್ಟ ಬಣ್ಣ ಹೆಂಗ ಸರಿ ಮಾಡ್ಲಿ? ಎಲ್ಲಾ ಕರೇ ಬಣ್ಣದಾಗ ಅದ್ದೂದ ಆಕ್ಕೈತಿ. ಅದಕ್ಕ ನಾ ಮಾತು ಕೊಟ್ಟೀನಿ, ಎದ್ದು ಹೇಳಿದಾವನ ಹೆಸರು ಈ ಕೋಣಿ ದಾಟೂದಿಲ್ಲ ಅಂತ."

"ಹಾಗಿದ್ದ ಮೇಲೆ ಹೆಸರು ಬರೆದಿಟ್ಟದ್ದು ಯಾಕೆ?"

"ಯಾರಿಗೆ ಯಾವ ಕೆಲಸ ಕೊಡಬಾರದು ಅಂತ ನನಗ ಗೊತ್ತಿರಬೇಕಲ್ರಿ." ಪರದೆಯ ಮೇಲೆ ಒಂದು ಹೆಸರಿಗೆ ಬೆರಳಿಟ್ಟರು. "ಇವಗ ಕೆಂಪು, ಹಸಿರು ಬ್ಯಾರೆ ಬ್ಯಾರೆ ಕಾಣೂದಿಲ್ಲ. ಮರೂನ್ ಪುಡಿ ಒಯ್ದು ಹಸರಿನ ಡಬ್ಬಿಗೆ ಸುರದಿದ್ದ. ಆವತ್ತಿಂದ ಬರೇ ಉಪ್ಪು, ಆಸಿಡ್ ತೂಗ್ತಾನ. ಒಂದು ಗ್ರಾಂ ಆಚೀಚಿ ಆಗೂದಿಲ್ಲ. ಕಣ್ಣಿನ ಸುದ್ದಿ ಸಾಹೇಬರಿಗೆ ತಿಳೀತಂದ್ರ ಇಂಥಾವಗ ಸೂರತ್ತಿನ ಯಾವ ಮಿಲ್ಲಿನ್ಯಾಗೂ ಕೆಲಸ ಸಿಗೂದಿಲ್ಲ."

ಟೇಪಿನ ವಿಷಯ ಹೇಳಿದೆ. ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು.

ಮುಂದಿನ ವಾರ, ಮಿಲ್ಲಿನ ರಜೆಯ ದಿನ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಸಂಜೆ ಐದಕ್ಕೆ ಸೂರತ್ತನ್ನು ದಾಟಿಸಿದೆ. ಒಂದೇ ಒಂದು ತೊಡಕಾಯಿತು. ಬಟ್ಟೆಯ ಬಣ್ಣ ಅಳೆಯುವ ಯಂತ್ರದ ಹಳೆಯ ಪ್ರೋಗ್ರಾಮು ಹಳೆಯ ಸರ್ವರಿನ ಹೆಸರನ್ನೇ ಹಿಡಿದು ಕೂಗುತ್ತಿತ್ತು, ಅದನ್ನು ತಿದ್ದಲು ಬರೆದವನೇ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಕೊನೆಗೆ ಹಳೆಯ ಹೆಸರಿನಿಂದ ಕೂಗಿದರೂ ಓಗೊಡುವಂತೆ ಹೊಸ ಸರ್ವರಿನ ರಿಜಿಸ್ಟ್ರಿಯಲ್ಲಿ ಎರಡು ಸಾಲು ಸೇರಿಸಿದೆ. ಮಾಸ್ತರರ ಫೋಲ್ಡರು ಅವರ ಹೆಸರು, ಅವರ ಬೀಗದ ಜೊತೆಗೇ ದಾಟಿತು. ನನಗೂ ಪ್ರವೇಶವಿರಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಯಿತು.

ಮರುದಿನ ಡೈರೆಕ್ಟರ ಎದುರು ನಿಂತು ಹೇಳಿದೆ: "ಈಗ ತೆಗೆಯಬಹುದು ಸಾರ್. ನಾನು ತೆಗೆಯುವುದಿಲ್ಲ. ಬಣ್ಣದ ಲೆಕ್ಕ ಬೇಕಾದರೆ ಅವರನ್ನು ಕೇಳಿ, ಅವರೇ ಕೊಡುತ್ತಾರೆ." ಅದನ್ನೇ ಬರೆದು ತಂದಿದ್ದ ಹಾಳೆಯನ್ನೂ ಮೇಜಿನ ಮೇಲಿಟ್ಟೆ.

ಅವರು ಹಾಳೆ ಮುಟ್ಟಲಿಲ್ಲ. "ಗಂಡನಿಗೆ ಟ್ರಾನ್ಸ್‌ಫರ್ ಆದ ದಿನ ಗಂಟು ಕಟ್ಟಿಕೊಂಡು ಹೋಗುವವರು ನೀವು. ನನ್ನ ಕಂಪನಿಯಲ್ಲಿ ಏನು ತೆರೆಯಬೇಕು, ಏನು ಮುಚ್ಚಬೇಕು ಅಂತ ನೀವು ಹೇಳುತ್ತೀರಾ?" ಅಲ್ಲೇ ಫೋನ್ ಎತ್ತಿ ಸೂರತ್ತಿಗೆ ಮಾಡಿದರು. ಫೋಲ್ಡರಿನಲ್ಲಿರುವುದನ್ನೆಲ್ಲ ಕಳಿಸು ಎಂದರು. ಮಾಸ್ತರರು ಆ ಕಡೆಯಿಂದ ಆಗಲಿ ಅಂದಿರಬೇಕು, ಎರಡೇ ನಿಮಿಷದಲ್ಲಿ ಮಾತು ಮುಗಿಯಿತು. ಕೇಳಿದ್ದರೆ ಇಷ್ಟೇ ಹೊತ್ತು ಬೇಕಿದ್ದದ್ದು. ಇಷ್ಟಕ್ಕಾಗಿ ಎರಡು ಮೂರು ವಾರ ನನ್ನ ಕೈಯಲ್ಲಿ ಕಳ್ಳತನ ಮಾಡಿಸಲು ನೋಡಿದ್ದರು.

ಮೂರು ದಿನದ ಮೇಲೆ ಡೈರೆಕ್ಟರು ಒಂದು ಕಟ್ಟು ಕಾಗದವನ್ನು ನನ್ನ ಮುಂದೆ ಹಾಕಿದರು. "ನೋಡಿ. ಬಣ್ಣದ ಲೆಕ್ಕ ಸಿಗಲಿಲ್ಲ, ಅದಕ್ಕಿಂತ ಒಳ್ಳೆಯದು ಸಿಕ್ಕಿತು. ತಪ್ಪುಗಳನ್ನೆಲ್ಲ ಅವನೇ ಒಪ್ಪಿಕೊಂಡಿದ್ದಾನೆ."

ಅದೇ ಪಟ್ಟಿ. ಅದೇ ಲಾಟುಗಳು. ಕೊನೆಯ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು, ಮಾಸ್ತರರದು. ನಾನು ವಿಷಯ ಹೇಳಿ ಬಂದ ಮೇಲೆ, ಸರ್ವರು ದಾಟುವ ಮುಂಚೆಯೇ, ಒಂದೊಂದು ಹೆಸರನ್ನೂ ಅಳಿಸಿ ತಮ್ಮದನ್ನು ಬರೆದಿಟ್ಟಿದ್ದರು.

"ನಾಳೆ ನನ್ನ ಜೊತೆ ಸೂರತ್ತಿಗೆ ಬನ್ನಿ. ಕೆಲಸಗಾರರ ಎದುರೇ ಓದುತ್ತೇನೆ. ಆಮೇಲೆ ಅಲ್ಲೇ ಅವನ ಕಂಪ್ಯೂಟರ್ ಖಾತೆ ಮುಚ್ಚಬೇಕು." ಆದೇಶದ ಕಾಗದಕ್ಕೆ ಸಹಿಯನ್ನೂ ಹಾಕಿ ಕೊಟ್ಟರು.

ಹೋಗುವುದಿಲ್ಲ ಅನ್ನಬಹುದಿತ್ತು. ಹೋದೆ, ಯಾಕೆಂದರೆ ಚೀಲದಲ್ಲಿ ಆ ಟೇಪು ಇಟ್ಟುಕೊಂಡಿದ್ದೆ. ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನು ಕೈಯಲ್ಲಿ ಒತ್ತಿ ಹಿಡಿದಿದ್ದೆ. ನಿಜವಾದ ಹೆಸರುಗಳು ಉಳಿದಿದ್ದದ್ದು ಅದೊಂದರಲ್ಲಿ ಮಾತ್ರ. ಕೊಟ್ಟರೆ ಮಾಸ್ತರರು ಉಳಿಯುತ್ತಾರೆ, ಕೊಟ್ಟ ಮಾತು ಮುರಿಯುತ್ತದೆ, ಬಣ್ಣ ಕಾಣದವನು ಬೀದಿಗೆ ಬೀಳುತ್ತಾನೆ. ಕೊಡದಿದ್ದರೆ ಒಬ್ಬ ಒಳ್ಳೆಯ ಕಸುಬುದಾರ ಕೆಲಸ ಬಾರದವನೆಂಬ ಹೆಸರು ಹೊತ್ತು ಹೋಗುತ್ತಾರೆ. ಯಾವುದನ್ನು ಮಾಡುತ್ತೇನೆಂದು ಪಾಂಡೇಸರಾ ಬಂದರೂ ನನಗೆ ಗೊತ್ತಿರಲಿಲ್ಲ.

ಕಲರ್ ಕಿಚನ್ನಿನಲ್ಲಿ ಹನ್ನೊಂದು ಜನ ನೆಲದ ಮೇಲೆ ಕೂತಿದ್ದರು. ಮಾಸ್ತರರು ಗೋಡೆಗೊರಗಿ ನಿಂತಿದ್ದರು. ಡೈರೆಕ್ಟರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಶೂಗಳಿಗೆ ನೀಲಿ ಪುಡಿ ಮೆತ್ತಿದ್ದನ್ನು ನೋಡಿ ಮುಖ ಸಿಂಡರಿಸಿದರು. ನಿಮ್ಮ ಮಾಸ್ಟರ್ ಏನೇನು ಮಾಡಿದ್ದಾನೆ ಕೇಳಿ ಎಂದು ಹಿಂದಿಯಲ್ಲಿ ಹೇಳಿ ಓದತೊಡಗಿದರು.

"ಹಸಿರು ಲಾಟು, ಎರಡನೇ ಜೆಟ್. ಹಸಿರಿನ ಡಬ್ಬಿಗೆ ಮರೂನ್ ಪುಡಿ ಬಿದ್ದಿದೆ. ತಪ್ಪು ಯಾರದು..."

ಹೆಸರು ಓದಲು ಅವರಿಗೆ ಆಗಲಿಲ್ಲ. ಸಾಲಿನ ತುದಿಯಿಂದ ಒಬ್ಬ ಎದ್ದು ನಿಂತಿದ್ದ. ಓದುತ್ತಿರುವವರು ಯಾರು ಅನ್ನುವುದು ಅವನ ತಲೆಗೆ ಹೋಗಿತ್ತೋ ಇಲ್ಲವೋ. ಲಾಟು ಓದಿದಾಗ ಏಳುವುದು ನಾಲ್ಕು ವರ್ಷದ ರೂಢಿ, ಎದ್ದುಬಿಟ್ಟಿದ್ದ.

"ವೋ ಮೇರಾ ಥಾ, ಸಾಹೇಬ್."

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಡೈರೆಕ್ಟರು ಕಾಗದವನ್ನು ಮತ್ತೊಮ್ಮೆ ನೋಡಿದರು. "ಇಲ್ಲಿ ಮಾಸ್ಟರ್ ಹೆಸರಿದೆ," ಎಂದರು. ಅವನು ಕೂರಲಿಲ್ಲ. ಮಾಸ್ತರರು "ಬೈಠೋ" ಅಂದಿರಲಿಲ್ಲವಲ್ಲ. ಡೈರೆಕ್ಟರು ಎರಡನೆಯದನ್ನು ಓದಿದರು, ಉಪ್ಪು ಎರಡು ಸಲ ಬಿದ್ದ ನೇವಿ ಬ್ಲೂ. ಇನ್ನೊಬ್ಬ ಎದ್ದ. ಮೂರನೆಯದಕ್ಕೆ ಮತ್ತೊಬ್ಬ. ಈ ಹೊತ್ತಿಗೆ ಸಾಲಿನಲ್ಲಿದ್ದವರಿಗೆ ವಿಷಯ ಅರ್ಥವಾಗಿತ್ತು, ರೂಢಿಯ ಮಾತು ಮುಗಿದಿತ್ತು. ಮಾಸ್ತರರ ಕಡೆ ಒಮ್ಮೆ ನೋಡಿ, ಬೇಕೆಂದೇ ಏಳುತ್ತಿದ್ದರು. ಎರಡನೆಯ ಪುಟ ಮುಗಿಯುವುದರೊಳಗೆ ಹನ್ನೊಂದು ಜನವೂ ನಿಂತಿದ್ದರು. ಹೊರಗೆ ಜೆಟ್ ಯಂತ್ರಗಳು ಬಟ್ಟೆ ತುಂಬಿಕೊಂಡು ಓಡುತ್ತಿದ್ದವು, ಬಣ್ಣ ತೂಗಿ ಕೊಡುವ ಒಬ್ಬನೂ ಅವುಗಳ ಹತ್ತಿರ ಇರಲಿಲ್ಲ.

ಡೈರೆಕ್ಟರಿಗೆ ಅದು ಗೊತ್ತಾಯಿತು. ಹನ್ನೊಂದು ಜನರನ್ನೂ ಕಳಿಸಿದರೆ ಮಿಲ್ಲು ನಿಲ್ಲುತ್ತದೆ. ಕಾಗದ ಹಿಡಿದು ಸುತ್ತಲೂ ನೋಡಿದರು, ಕೊನೆಗೆ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಬೆನ್, ಹೊಸ ಸರ್ವರಿಗೆ ಹಾಕುವಾಗ ಹೆಸರುಗಳೆಲ್ಲ ಅದಲು ಬದಲಾಗಿವೆಯಾ?"

ಮೂರು ತಿಂಗಳು ಮೂರು ಊರು ಅಲೆದು, ವಡೋದರಾದಲ್ಲಿ ಎಡವಿದ್ದು ಬಿಟ್ಟರೆ ಒಂದೇ ಒಂದು ಹೆಸರೂ ಬದಲಾಗದಂತೆ ದಾಟಿಸಿದ್ದೆ. ನಾನು ಹೆಮ್ಮೆಪಟ್ಟುಕೊಳ್ಳಲು ಆ ಕೆಲಸದಲ್ಲಿ ಇದ್ದದ್ದು ಅದೊಂದೇ. ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಈ ಮನುಷ್ಯ ಅದನ್ನೂ ಕೇಳುತ್ತಿದ್ದಾರಲ್ಲ ಎಂದು ಕಿವಿಯವರೆಗೆ ಬಿಸಿ ಏರಿತು. ಬದಲಾಗಿಲ್ಲ ಅನ್ನುವುದಕ್ಕೆ ಸಾಕ್ಷಿ ನನ್ನ ಚೀಲದಲ್ಲೇ ಇತ್ತು. ಗೋಡೆಗೊರಗಿದ್ದ ಮಾಸ್ತರರು ನನ್ನ ಚೀಲವನ್ನೇ ನೋಡುತ್ತಿದ್ದರು.

"ಹೌದು ಸಾರ್," ಎಂದೆ. "ವೋ ಮೇರಾ ಥಾ."

"ಇನ್ನೊಂದು ಸಲ ಹೀಗಾಗಬಾರದು." ಕಾಗದಗಳನ್ನು ಮಡಚಿ ಜೇಬಿಗೆ ತುರುಕಿಕೊಂಡರು. ಖಾತೆ ಮುಚ್ಚುವ ಆದೇಶವನ್ನು ನನ್ನ ಕೈಯಿಂದ ತೆಗೆದುಕೊಂಡು, ಶೂ ಒದರುತ್ತಾ ಕಾರಿನ ಕಡೆ ಹೋದರು.

ಮಾಸ್ತರರು ಸಾಲಿನ ಕಡೆ ತಿರುಗಿ "ಬೈಠೋ" ಎಂದರು. ಹನ್ನೊಂದು ಜನ ಕೂತರು. ನಾನೊಬ್ಬಳೇ ಇನ್ನೂ ಸಿಟ್ಟಿನಲ್ಲಿ ನಿಂತಿದ್ದೆ.

"ಆತು," ಎಂದರು ಅವರು ಕನ್ನಡದಲ್ಲಿ. "ಕೂಡು ತಂಗಿ."

ಬಣ್ಣದ ಪುಡಿ ಬಿದ್ದಿದ್ದ ಆ ನೆಲದ ಮೇಲೆ, ಸಾಲಿನ ತುದಿಯವನು ಸರಿದು ಬಿಟ್ಟ ಜಾಗದಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.